ಬರೀ ಅಂಗಡಿ ಅಂತ ಸುಮ್ನೆ ದಾಟಿಬಿಟ್ಟಿರಾ?

ಪತ್ರ: ಮಗನ ಮನೆಗೆಂದು ಲಾಸ್ ಏಂಜಲೀಸ್‌ಗೆ ಬಂದಿದ್ದೇನೆ. ಇಲ್ಲಿನ ಕೊರಿಯಾಟೌನ್ ನೋಡಿದೆ. ಬರೀ ಹೋಟೆಲು, ಅಂಗಡಿ. ಸಸ್ಯಾಹಾರಿಗಳಿಗೆ ಕಷ್ಟ. ಇದರಲ್ಲಿ ಸಂಸ್ಕೃತಿ ಎಲ್ಲಿದೆ? ನಮ್ಮವರು ರಾಜ್ಯೋತ್ಸವ ಎಷ್ಟು ಚೆನ್ನಾಗಿ ಮಾಡುತ್ತಾರೆ! ನನ್ನ ಮೊಮ್ಮಗಳೂ ಕನ್ನಡ ಹಾಡಿಗೆ ಕುಣಿದಳು.
– ಓದುಗರೊಬ್ಬರು

ಸಂಪಾದಕರ ಉತ್ತರ: ಮೊಮ್ಮಗಳು ಕುಣಿದದ್ದು ಕೇಳಿ ಸಂತೋಷವಾಯಿತು ಮೇಡಂ. ಹಾಡು, ಕುಣಿತ ಬೇಕು, ಬೇಡ ಅನ್ನುವುದಿಲ್ಲ. ಆದರೆ ‘ಬರೀ ಅಂಗಡಿ’ ಅಂದುಬಿಟ್ಟಿರಲ್ಲ, ಅದನ್ನು ಮಾತ್ರ ಒಪ್ಪಲಾರೆ.

ಆ ಬಡಾವಣೆ ಶುರುವಾಗಿದ್ದೇ ಅಂಗಡಿಯಿಂದ. 1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾದ ಮೇಲೆ ಕೊರಿಯನ್ನರು ಜಾಸ್ತಿ ಬರತೊಡಗಿದರು. ಜರ್ಮನಿಯಲ್ಲಿ ಗಣಿ ಕೆಲಸ ಮಾಡಿ ಬಂದಿದ್ದ ಹಿ ಡಕ್ ಲೀ ಎಂಬುವರು 1971ರಲ್ಲಿ ಒಲಿಂಪಿಕ್ ಬುಲೆವಾರ್ಡಿನಲ್ಲಿ ದಿನಸಿ ಅಂಗಡಿ ಇಟ್ಟರು. ಆಮೇಲೆ ಕೊರಿಯಾದಿಂದ ಹೆಂಚು ತರಿಸಿ ಅದೇ ರಸ್ತೆಯಲ್ಲಿ ಹೋಟೆಲನ್ನೂ ಕಟ್ಟಿಸಿದರು. ಆ ಕಟ್ಟಡದಲ್ಲಿ ಈಗ ಮೆಕ್ಸಿಕೋದ ಅಡುಗೆ. ಕೊರಿಯಾಟೌನಿನಲ್ಲಿ ಕೊರಿಯನ್ನರಿಗಿಂತ ಲ್ಯಾಟಿನೋ ಜನವೇ ಹೆಚ್ಚು. ಆದರೂ ಅಂಗಡಿ ಬೋರ್ಡಿನ ಮೇಲೆ ಕೊರಿಯನ್ ಭಾಷೆಯ ಹಂಗುಲ್ ಲಿಪಿ ಅಳಿಸಿಹೋಗಿಲ್ಲ.

ಬ್ಯಾಂಕಿನಲ್ಲಿ ಸಾಲ ಹುಟ್ಟದಾಗ ಎಷ್ಟೋ ಜನ ‘ಕ್ಯೆ’ ಸೇರಿದರು. ಹತ್ತಿಪ್ಪತ್ತು ಜನ ತಿಂಗಳಿಗಿಷ್ಟು ಅಂತ ಹಾಕೋದು, ಸರದಿ ಬಂದವರು ಒಟ್ಟಿಗೆ ಎತ್ತೋದು. ನಮ್ಮ ಚೀಟಿಯೇ ಅಲ್ವಾ! ಹೀಗೆಲ್ಲ ಎದ್ದು ನಿಂತ ಕೊರಿಯನ್ನರ ಅಂಗಡಿಗಳಲ್ಲಿ 2000ಕ್ಕೂ ಹೆಚ್ಚು 1992ರ ಏಪ್ರಿಲ್ 29ರಂದು ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಗಲಭೆಯಲ್ಲಿ ಲೂಟಿಯಾದವು, ಸುಟ್ಟುಹೋದವು. ಆ ದಿನವನ್ನು ಅವರು ‘ಸಾ-ಇ-ಗು’ ಅನ್ನುತ್ತಾರೆ, ಅಂದರೆ ನಾಲ್ಕು-ಎರಡು-ಒಂಬತ್ತು, ನಾಲ್ಕನೇ ತಿಂಗಳ 29. ಎಷ್ಟೋ ಜನ ಮತ್ತೆ ಬಾಗಿಲು ತೆರೆದರು. ಅಂಥ ಅಂಗಡಿ ಮುಂದೆ ನಿಂತು ಸಂಸ್ಕೃತಿ ಎಲ್ಲಿ ಅಂತ ಕೇಳಬಹುದೇ?

ನಾನು ಅಲ್ಲಿಗೆ ಹೋಗಿದ್ದಾಗ ಗೆಳೆಯನೊಬ್ಬ ಭಾನುವಾರ ಕೊರಿಯನ್ ಚರ್ಚಿಗೆ ಕರೆದೊಯ್ದ. ಪ್ರಾರ್ಥನೆ ಮುಗಿದದ್ದೇ ಎಲ್ಲರೂ ನೆಲಮಾಳಿಗೆಯ ಅಡುಗೆಮನೆಗೆ ಇಳಿದರು. ಉಪ್ಪು ಹಾಕಿ ಬಾಡಿಸಿದ ಕೋಸಿನ ಎಲೆ ಒಂದೊಂದಾಗಿ ಬಿಡಿಸಿ, ನಾವು ಎಣ್ಣೆಗಾಯಿಗೆ ಮಸಾಲೆ ತುಂಬುತ್ತೇವಲ್ಲ ಹಾಗೆ, ಕೆಂಪು ಖಾರ ಸವರುತ್ತಿದ್ದರು. ಅಜ್ಜಿಯೊಬ್ಬರು ಮೊಮ್ಮಗನ ಕೈ ಹಿಡಿದು, ದಪ್ಪ ಬುಡದ ಕಡೆ ಜಾಸ್ತಿ ಸವರಬೇಕು ಅಂತ ತೋರಿಸಿದರು. ಅವನು ಇಂಗ್ಲಿಷಿನಲ್ಲಿ ಗೊಣಗಿದ. ಅಜ್ಜಿ ಕೊರಿಯನ್ ಭಾಷೆಯಲ್ಲೇ ಬೈದರು. ಯುನೆಸ್ಕೋ 2013ರಲ್ಲಿ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿದ್ದು ಇದನ್ನೇ: ‘ಕಿಮ್ಜಾಂಗ್’, ಅಂದರೆ ಎಲ್ಲರೂ ಸೇರಿ ಕಿಮ್ಚಿ ಎಂಬ ಈ ಕೋಸಿನ ಉಪ್ಪಿನಕಾಯಿ ಮಾಡಿ ಹಂಚಿಕೊಳ್ಳುವುದು.

ನಮ್ಮಲ್ಲಿ ವೇದಿಕೆಗೆ, ಶಾಲು-ಹಾರಕ್ಕೆ, ಊಟದ ಕಂಟ್ರಾಕ್ಟಿಗೆ ದುಡ್ಡು ಬರುತ್ತದೆ. ನಾಲ್ಕು ಮನೆಯವರು ಕೂತು ಹಪ್ಪಳ ಒತ್ತಿ ಎಷ್ಟು ವರ್ಷವಾಯಿತು? ಅಮೆರಿಕ ಬಿಡಿ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ನಾನು ಕಂಡಿಲ್ಲ. ವೇದಿಕೆ ಇಳಿದ ಮೇಲೆ ನಿಮ್ಮ ಮೊಮ್ಮಗಳು ಯಾವ ಭಾಷೆಯಲ್ಲಿ ನೀರು ಕೇಳಿದಳು ಮೇಡಂ? ನೋವಾಗಲಿ ಅಂತ ಕೇಳುತ್ತಿಲ್ಲ, ನಮ್ಮ ಮನೆಯಲ್ಲೂ ಇದೇ ಸಂಕಟ.

ಅವಳನ್ನು ಕರೆದುಕೊಂಡು ಇನ್ನೊಂದು ಸಲ ಹೋಗಿ. ನಿಮ್ಮ ಕಷ್ಟ ನಿಜ, ಕಿಮ್ಚಿಗೆ ಸಾಮಾನ್ಯವಾಗಿ ಮೀನಿನ ರಸವೋ ಸೀಗಡಿಯೋ ಹಾಕಿರುತ್ತಾರೆ, ಕೇಳಿಕೊಂಡೇ ತಿನ್ನಿ. ವಾಪಸ್ ಬಂದು ಇನ್ನೊಂದು ಪತ್ರ ಬರೆಯಿರಿ, ಮೊಮ್ಮಗಳ ಕೈಯಲ್ಲೂ ಕನ್ನಡದಲ್ಲಿ ಎರಡು ಸಾಲು ಬರೆಸಿ. ಖಂಡಿತ ಅಚ್ಚು ಹಾಕುತ್ತೇನೆ.