ಮಾರ್ಮನ್ ಮಿಷನರಿಯ ಒಂದು ವಾರ ನಿಜವಾಗ್ಲೂ ಹೆಂಗಿರುತ್ತೆ? ಹೋಗೋಕ್ ಮುಂಚೆ ಯಾವ ಪುಸ್ತಕ ಓದ್ಕೋಬೇಕು?

ವಯಸ್ಸು 19, ಬೆಂಗಳೂರು, ಡಿಗ್ರಿ ಅರ್ಧಕ್ಕೆ ನಿಂತಿದೆ, ನಮ್ಮ ಮಾರ್ಮನ್ ಚರ್ಚಿಂದ (ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಪಂಗಡ) ಎರಡು ವರ್ಷದ ಮಿಷನ್ನಿಗೆ, ಅಂದ್ರೆ ಧರ್ಮಪ್ರಚಾರಕ್ಕೆ, ಇಂಗ್ಲೆಂಡಿಗೆ ಹೋಗು ಅಂತ ಕಾಲ್ ಬಂದಿದೆ, ಈಗ್ಲೇ ಹೋಗ್ಲಾ ಮುಗಿಸ್ಕೊಂಡು ಹೋಗ್ಲಾ, ಜೊತೆಗೆ ಓದೋಕೆ ಪುಸ್ತಕದ ಪಟ್ಟಿ ಬೇರೆ ಬೇಕು. ತಮ್ಮಾ, ಇದು ನಾನೇ ಬರೆದ ಪ್ರಶ್ನೆ ಥರ ಇದೆ. ನಾನು ಹೋಗಿದ್ದು ಲ್ಯಾಂಕಶೈರ್ ಕಡೆ, ಪ್ರೆಸ್ಟನ್ ಊರಿಗೆ. ಪುಸ್ತಕದ ಪಟ್ಟಿ ಕೊಡಲ್ಲ. ಶೂ ಬಗ್ಗೆ ಹೇಳ್ತೀನಿ, ಕೂತ್ಕೊಂಡು ಓದು.

ನಗಬೇಡ. ಮಿಷನ್ ಅಂದ್ರೆ ಏಳು ದಿನವೂ ಬೈಬಲ್ಲು, ನಮ್ಮ ಇನ್ನೊಂದು ಧರ್ಮಗ್ರಂಥ ಬುಕ್ ಆಫ್ ಮಾರ್ಮನ್ನು ಹಿಡ್ಕೊಂಡು ಭಾಷಣ ಮಾಡೋದು ಅಂತ ನಾನೂ ಅಂದ್ಕೊಂಡಿದ್ದೆ. ಮಿಷನ್ ಅಂದ್ರೆ ನಡೆಯೋದು. ಬೆಳಗ್ಗೆ 6:30ಕ್ಕೆ ಏಳು, ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ, ಒಬ್ಬೊಬ್ರೇ ಕೂತು ಓದೋದು, ಆಮೇಲೆ ಕಂಪ್ಯಾನಿಯನ್ (ನಿನ್ನ ಜೋಡಿಗೆ ಹಾಕಿರೋ ಇನ್ನೊಬ್ಬ ಮಿಷನರಿ) ಜೊತೆ ಓದೋದು, ಅವತ್ತಿನ ಪ್ಲಾನು, ಅಷ್ಟಾದ್ರೆ ಬಿಳಿ ಶರ್ಟು, ಟೈ, ಎದೆ ಮೇಲೆ ಕಪ್ಪು ಬ್ಯಾಡ್ಜು ಹಾಕ್ಕೊಂಡು ಬೀದಿಗೆ. ರಾತ್ರಿ ಒಂಬತ್ತರ ಹೊತ್ತಿಗೆ ವಾಪಸ್, 10:30ಕ್ಕೆ ದೀಪ ಆರಬೇಕು. ನಮ್ಮ ಏರಿಯಾಗೆ ಕಾರ್ ಕೊಟ್ಟಿರ್ಲಿಲ್ಲ, ಬಸ್ಸು ಇಲ್ಲಾ ಕಾಲು. ಡಿಸೆಂಬರಲ್ಲಿ ಅಲ್ಲಿ ನಾಲ್ಕು ಗಂಟೆಗೇ ಕತ್ತಲು. ಮಳೆನೂ ನಮ್ಮ ಬೆಂಗಳೂರಿನ ಥರ ಧೋ ಅಂತ ಸುರಿದು ಅರ್ಧ ಗಂಟೆಗೆ ಬಿಡೋ ಮಳೆ ಅಲ್ಲ, ಬೆಳಗ್ಗೆ ಹಿಡಿದ ಸೋನೆ ರಾತ್ರಿಗೂ ಹಂಗೇ ಇರುತ್ತೆ, ನೆನೆದಿದೀನಿ ಅಂತ ಗೊತ್ತಾಗೋ ಹೊತ್ತಿಗೆ ಒಳಬಟ್ಟೆವರೆಗೂ ತೊಪ್ಪೆ ಆಗಿರ್ತೀಯ.

ಈಗ ನನ್ನ ತಪ್ಪು. ಕಾಲ್ ಜೊತೆ ಏನೇನು ಬಟ್ಟೆ ಬೇಕು ಅಂತ ಪಟ್ಟಿ ಬರುತ್ತಲ್ಲ, ಅದ್ರಲ್ಲಿ ಗಟ್ಟಿ ಶೂ ಎರಡು ಜೊತೆ ಅಂತ ಇತ್ತು. ನಮ್ಮಮ್ಮನೂ ಹೇಳಿದ್ರು, ಸೂಟು ಒಂದು ಇರ್ಲಿ ಸಾಕು, ಶೂ ಒಳ್ಳೇದು ತಗೋ ಅಂತ. ನಾನು ದುಡ್ಡೆಲ್ಲ ಸೂಟಿಗೆ ಸುರಿದು, ಉಳಿದಿದ್ರಲ್ಲಿ ಶಿವಾಜಿನಗರದ ಒಂದು ಅಂಗಡೀಲಿ ಮೂತಿ ಚೂಪಾಗಿರೋ, ಲೈಟ್ ಬಿದ್ರೆ ಮುಖ ಕಾಣೋ ಹಂಗೆ ಹೊಳೀತಿದ್ದ ಒಂದು ಜೊತೆ ತಗೊಂಡೆ. ಒಂದೇ ಜೊತೆ. ಮೇಲೆ ರೆಕ್ಸಿನ್ನು, ಸೋಲ್ ಅಂಟಿಸಿದ್ದು, ಹೊಲಿಗೆ ಅನ್ನೋದೇ ಇಲ್ಲ. ಬೆರಳಿಗೆ ಬಿಗಿ ಅಂದ್ರೆ ಅಂಗಡಿಯವನು "ಹಾಕ್ತಾ ಹಾಕ್ತಾ ಬಿಡುತ್ತೆ ಸಾರ್" ಅಂದ. ಚರ್ಮ ಆದ್ರೆ ಬಿಡುತ್ತೆ, ರೆಕ್ಸಿನ್ ಯಾವ ಕಾಲಕ್ಕೂ ಬಿಡಲ್ಲ, ಇದನ್ನ ಬರೆದಿಟ್ಕೋ. ಇನ್ನೊಂದು, ನಾನು ಶೂ ನೋಡಿದ್ದು ಬೆಳಗ್ಗೆ ಹತ್ತು ಗಂಟೆಗೆ, ಅದೂ ಬರಿಗಾಲಲ್ಲಿ. ಕಾಲು ಸಂಜೆಗೆ ಊದುತ್ತೆ, ಮೇಲೆ ಉಣ್ಣೆ ಕಾಲುಚೀಲ ಬೇರೆ. ಅಂದ್ರೆ ಅಂಗಡೀಲಿ ಸ್ವಲ್ಪ ಬಿಗಿ ಇದ್ದಿದ್ದು ಅಲ್ಲಿ ಇಕ್ಕಳ ಆಯ್ತು.

ಇಷ್ಟೇ ಆಗಿದ್ರೆ ಶೂ ಕಚ್ಚಿದ ಗಾಯ, ಪ್ಲಾಸ್ಟರ್ ಹಾಕ್ಕೊಂಡು ಹೋಗ್ತಿತ್ತು. ಬಾಯಿ ಮುಚ್ಕೊಂಡು ಇದ್ನಲ್ಲ, ಅದು ದೊಡ್ಡ ಎಡವಟ್ಟು. ಯಾಕೆ ಮುಚ್ಕೊಂಡಿದ್ದೆ ಅನ್ನೋದಕ್ಕೆ ವಾರ ಹೆಂಗೆ ನಡೆಯುತ್ತೆ ಅಂತ ಗೊತ್ತಿರ್ಬೇಕು.

ಸೋಮವಾರ ಪಿ-ಡೇ, ಅಂದ್ರೆ ಪ್ರಿಪರೇಷನ್ ಡೇ, ವಾರದ ತಯಾರಿ ದಿನ. ರಜೆ ಅಂತ ಕುಣೀಬೇಡ. ಬಟ್ಟೆ ಒಗಿ, ವಾರದ ಸಾಮಾನು ತಾ, ಕಟಿಂಗ್ ಮಾಡ್ಸು, ರೂಮ್ ಗುಡ್ಸು, ಸಂಜೆ ಆರಕ್ಕೆ ಮತ್ತೆ ಟೈ. ಇದರ ನಡುವೆ ಮನೆಗೆ ವಿಡಿಯೋ ಕಾಲ್. 2019ರ ಫೆಬ್ರವರಿಗೆ ಮುಂಚೆ ಹೋದವರಿಗೆ ಈ ಭಾಗ್ಯ ಇರ್ಲಿಲ್ಲ, ಕ್ರಿಸ್ಮಸ್ಸಿಗೊಂದು, ಮದರ್ಸ್ ಡೇಗೊಂದು ಫೋನು, ಮಿಕ್ಕಿದ್ದೆಲ್ಲ ಈಮೇಲು. ಅದೇ ಸೋಮವಾರ ಆ ಕಡೆಯ ಮಿಷನರಿಗಳನ್ನೆಲ್ಲ ನೋಡ್ಕೊಳ್ಳೋ ಮಿಷನ್ ಪ್ರೆಸಿಡೆಂಟಿಗೂ ನೀನು ಹೆಂಗಿದೀಯ ಅಂತ ಬರೀಬೇಕು. ನಾನು ಪ್ರತಿ ವಾರ ಅಮ್ಮಂಗೂ ಅವರಿಗೂ ಒಂದೇ ಮಾತು: ಚೆನ್ನಾಗಿದೀನಿ. ಅಮ್ಮ ಕ್ಯಾಮೆರಾ ಕೆಳಗೆ ಹಿಡಿ, ಸಣ್ಣ ಆಗಿದೀಯ ಅಂತಾರೆ, ನಾನು ಸೊಂಟದಿಂದ ಮೇಲಕ್ಕೇ ತೋರಿಸ್ತೀನಿ.

ಮಂಗಳವಾರ ಬುಧವಾರದಲ್ಲಿ ಡಿಸ್ಟ್ರಿಕ್ಟ್ ಮೀಟಿಂಗು, ಅಕ್ಕಪಕ್ಕದ ಮಿಷನರಿಗಳೆಲ್ಲ ಸೇರೋದು. ಆಗಾಗ ಎಕ್ಸ್‌ಚೇಂಜ್ ಅಂತ ಬರುತ್ತೆ, ಒಂದಿನ ಬೇರೆ ಎಲ್ಡರ್ (ಗಂಡು ಮಿಷನರಿಗೆ ಹಂಗಂತಾರೆ) ಜೊತೆ ಕೆಲಸ. ಗುರುವಾರ ವಾರದ ಪ್ಲಾನಿಂಗು, ಯಾರಿಗಾದ್ರೂ ಸೋಫಾ ಹೊತ್ತು ಕೊಡೋದು, ತೋಟದ ಹುಲ್ಲು ಕೀಳೋದು. ಶನಿವಾರ ಬ್ಯಾಪ್ಟಿಸಂ (ನೀರಲ್ಲಿ ಮುಳುಗಿಸಿ ಚರ್ಚಿಗೆ ಸೇರಿಸ್ಕೊಳ್ಳೋದು) ಇದ್ರೆ ಇತ್ತು. ಭಾನುವಾರ ಚರ್ಚು ಎರಡು ಗಂಟೆ, ಆಮೇಲೆ ಯಾರಾದ್ರೂ ಚರ್ಚ್ ಮೆಂಬರ್ ಮನೇಲಿ ಊಟ, ತಿಂಗಳ ಮೊದಲ ಭಾನುವಾರ ಉಪವಾಸ. ಮಿಕ್ಕ ಹೊತ್ತೆಲ್ಲ ಬಾಗಿಲು ತಟ್ಟೋದು, ಬಸ್ ಸ್ಟಾಪಲ್ಲಿ ಮಾತಾಡ್ಸೋದು, ಹೊರಗೆ ಮಳೆ, ಒಳಗಿಂದ "ಥ್ಯಾಂಕ್ಯೂ, ನಾಟ್ ಟುಡೇ". ಕರೆದು ಕೂರಿಸಿದವರು "ಬ್ರೂ ತಗೋತೀಯಾ ಲವ್" ಅಂತ ಟೀ ಕೇಳ್ತಾರೆ. ನಾವು ಟೀ ಕಾಫಿ ಕುಡಿಯಲ್ಲ ಅನ್ನೋದು ಲ್ಯಾಂಕಶೈರ್ ಅಜ್ಜಿಯಂದ್ರಿಗೆ ದೇವರ ವಿಷಯಕ್ಕಿಂತ ದೊಡ್ಡ ಆಘಾತ. ನನ್ನ ಬ್ಯಾಡ್ಜಿಗಿಂತ ಬಣ್ಣ ಮೊದಲು ಕಾಣ್ತಿತ್ತು. ಅಲ್ಲಿ ಗುಜರಾತಿಗಳು ತುಂಬ, ಅವರ ಬೀದೀಲಿ ನನ್ನನ್ನ ಗುಜರಾತಿ ಅಂದ್ಕೊಂಡು ಕರೆದು ಊಟ ಹಾಕಿದವರಿದಾರೆ, ಬೆಂಗಳೂರು ಅಂದ್ರೆ ಸಾಫ್ಟ್‌ವೇರ್ ಬಿಟ್ಟು ಇದೇನಪ್ಪಾ ಅನ್ನೋರು.

ಇಂಗ್ಲೆಂಡಿಗೆ ಬಂದ ಮೊದಲ ಮಾರ್ಮನ್ ಮಿಷನರಿಗಳು 1837ರಲ್ಲಿ ಬೋಧನೆ ಶುರು ಮಾಡಿದ್ದು ಈ ಪ್ರೆಸ್ಟನ್ನಲ್ಲೇ, ಹೀಬರ್ ಕಿಂಬಲ್ ಮತ್ತವರ ಜೊತೆಯವರು. ಆ ವರ್ಷ ಜುಲೈ 30ಕ್ಕೆ ರಿಬಲ್ ನದೀಲಿ ಒಂಬತ್ತು ಜನಕ್ಕೆ ಬ್ಯಾಪ್ಟಿಸಂ ಆಯ್ತು, ಮೊದಲು ನೀರಿಗಿಳಿಯೋದು ಯಾರು ಅಂತ ನದಿ ತನಕ ಓಟನೇ ನಡೀತು, ಜಾರ್ಜ್ ವಾಟ್ ಅನ್ನೋನು ಗೆದ್ದ. ಹೋದ ಹೊಸದ್ರಲ್ಲಿ ನಮ್ಮನ್ನ ಆ ನದಿ ದಂಡೆಗೆ ಕರ್ಕೊಂಡು ಹೋಗಿ ಈ ಕಥೆ ಹೇಳಿದ್ರು. ಎಲ್ಲರ ಕಣ್ಣಲ್ಲೂ ನೀರು. ನನಗೆ ಅವನು ಏನು ಶೂ ಹಾಕಿದ್ನೋ ಅನ್ನೋದೇ ಯೋಚನೆ, ಆಗ್ಲೇ ಹಿಮ್ಮಡಿ ಸುಲಿದಿತ್ತು.

ಈಗ ಯಾಕೆ ಬಾಯಿ ಬಿಡ್ಲಿಲ್ಲ ಅನ್ನೋದು. ಕಂಪ್ಯಾನಿಯನ್ ಅಂದ್ರೆ ಬಾತ್‌ರೂಮ್ ಬಿಟ್ಟು ಮಿಕ್ಕ ಎಲ್ಲಾ ಕಡೆ ಒಬ್ಬನ ಕಣ್ಣಿಗೆ ಕಿವಿಗೆ ಇನ್ನೊಬ್ಬ ಸಿಗ್ತಾ ಇರ್ಬೇಕು. ಒಬ್ಬ ಮಲಗಿದ್ರೆ ಇನ್ನೊಬ್ಬನೂ ಮನೆಲಿ. ನನ್ನ ಜೊತೆಗಿದ್ದವನು ಅಮೆರಿಕದ ಯೂಟಾ ರಾಜ್ಯದ ಹುಡುಗ, ಎರಡು ವರ್ಷ ಮುಗೀತಾ ಬಂದಿತ್ತು. ಆರಾರು ವಾರಕ್ಕೆ ಟ್ರಾನ್ಸ್‌ಫರ್ ಆಗುತ್ತೆ ಗೊತ್ತಲ್ಲ, ಇದು ಅವನ ಕೊನೇ ಆರು ವಾರ. ಬೆಂಕಿ ಥರ ಓಡಾಡ್ತಿದ್ದ. ನಾನು ಕಾಲು ನೋಯುತ್ತೆ ಅಂದ್ರೆ ಅವನ ಕೊನೇ ದಿನಗಳು ಹಾಳು, ಅಲ್ವಾ? ಅದಕ್ಕೆ ಸುಮ್ನಿದ್ದೆ. ಒಳ್ಳೇತನ ಅಂದ್ಕೊಂಡಿದ್ದೆ. ಬಾತ್‌ರೂಮಲ್ಲಿ ಕೂತು ಕಾಲುಚೀಲ ನೀರಲ್ಲಿ ನೆನೆಸಿ ಬಿಡಿಸ್ತಿದ್ದೆ, ಅಂಟ್ಕೊಂಡಿರ್ತಿತ್ತು. ಒದ್ದೆ ಶೂ ರಾತ್ರಿ ಹೀಟರ್ ಮೇಲೆ, ಬೆಳಗ್ಗೆ ಅದು ಇನ್ನೂ ಸೆಟೆದು ಇನ್ನೂ ಚಿಕ್ಕದಾಗಿರ್ತಿತ್ತು.

ನಾವು ಆಗ ಒಬ್ಬರಿಗೆ ಪಾಠ ಹೇಳ್ತಿದ್ವಿ, ರಿಟೈರಾದ ಬಸ್ ಡ್ರೈವರು, ಹೆಂಡ್ತಿ ತೀರ್ಕೊಂಡಿದ್ರು. ಸಿಗರೇಟು ಬಿಡ್ತಾ ಇದ್ರು, ಬ್ಯಾಪ್ಟಿಸಂಗೆ ಶನಿವಾರ ಗೊತ್ತಾಗಿತ್ತು. ಅವರ ಮನೆಗೆ ಹೋದಾಗೆಲ್ಲ ಶೂ ಬಿಚ್ಚಿ ಎಲೆಕ್ಟ್ರಿಕ್ ಹೀಟರ್ ಮುಂದೆ ಇಡ್ಸೋರು. ಅವತ್ತು ನಾನು ಬಿಚ್ಚಲ್ಲ ಅಂದೆ. ಅವರು ಬಗ್ಗಿ ನೋಡಿದ್ರು. ಸೋಲು ಮುಂದ್ಗಡೆ ಬಾಯಿ ಬಿಟ್ಟಿತ್ತು, ಒಳಗಿನ ಕಾಲುಚೀಲ ಕಂದು ಬಣ್ಣಕ್ಕೆ ತಿರುಗಿತ್ತು. "ತೆಗಿ ಮಗಾ" ಅಂದ್ರು, ಇಂಗ್ಲಿಷಲ್ಲೇ ಅಂದಿದ್ದು, ನನ್ನ ಕಿವಿಗೆ ಹಂಗೇ ಬಿತ್ತು. ಹಿಮ್ಮಡಿಯಿಂದ ಕಣಕಾಲಿನ ತನಕ ಕೆಂಪು, ಮುಟ್ಟಿದ್ರೆ ಕೆಂಡ, ಮೈಯಲ್ಲೂ ಜ್ವರ. ಅವರೇ 111ಕ್ಕೆ, ಅಲ್ಲಿನ ಸರ್ಕಾರಿ ವೈದ್ಯಕೀಯ ಸಹಾಯವಾಣಿಗೆ, ಫೋನ್ ಮಾಡಿದ್ರು. ಸೆಲ್ಯುಲೈಟಿಸ್, ಗಾಯದಿಂದ ಸೋಂಕು ಚರ್ಮದ ಒಳಗೆ ಹರಡಿರೋದು. ಡಾಕ್ಟರ್ ಪೆನ್ ತಗೊಂಡು ಕೆಂಪು ಎಲ್ಲಿವರೆಗೆ ಇದೆಯೋ ಅದರ ಅಂಚಿಗೆ ಗೆರೆ ಎಳೆದ್ರು, ಗೆರೆ ದಾಟಿದ್ರೆ ಆಸ್ಪತ್ರೆಗೆ ಬಾ ಅಂತ. ಫ್ಲುಕ್ಲಾಕ್ಸಾಸಿಲಿನ್ ಅನ್ನೋ ಆಂಟಿಬಯೋಟಿಕ್, ದಿನಕ್ಕೆ ನಾಲ್ಕು ಸಲ ಖಾಲಿ ಹೊಟ್ಟೇಲಿ, ಕಾಲು ಎತ್ತರಕ್ಕೆ ಇಟ್ಕೊಂಡು ಮಲಗೋದು.

ವಾರಗಟ್ಲೆ ಮಲಗಿದೆ. ಮೊದಲೇ ಹೇಳಿದ್ರೆ ಎರಡು ದಿನದ ರೆಸ್ಟು, ಒಂದು ಜೊತೆ ಬೇರೆ ಶೂ, ಅಷ್ಟರಲ್ಲಿ ಮುಗೀತಿತ್ತು. ಯೂಟಾ ಹುಡುಗನೂ ಅದೇ ರೂಮಲ್ಲಿ ಗೋಡೆ ನೋಡ್ಕೊಂಡು ಕೂತ. ಯಾರಾದ್ರೂ ಮೆಂಬರ್ ಬಂದು ನನ್ನ ಹತ್ರ ಕೂತ್ರೆ ಇನ್ನೊಬ್ಬರ ಜೊತೆ ಅವನು ಹೊರಗೆ, ಇಲ್ಲಾಂದ್ರೆ ಇಲ್ಲ. ಅವನ ಹೊತ್ತು ಉಳಿಸ್ತೀನಿ ಅಂತ ಸುಮ್ನಿದ್ದೋನು ಅವನ ಹೊತ್ತನ್ನೇ ತಿಂದೆ. ಬೈದಿದ್ರೆ ಚೆನ್ನಾಗಿರ್ತಿತ್ತು, ಬೈಲಿಲ್ಲ, ಮಾತೇ ಕಮ್ಮಿ ಮಾಡ್ಬಿಟ್ಟ. ಆಮೇಲೆ ಪೆಟ್ಟಿಗೆ ಕಟ್ಕೊಂಡು ಊರಿಗೆ ಹೋದ. ಡ್ರೈವರ್ ತಾತ ಫೋನಲ್ಲಿ ಸಿಗ್ತಿದ್ರು, ಆದ್ರೆ ಸಿಗರೇಟ್ ಬಿಡೋ ಮನುಷ್ಯನಿಗೆ ಎದುರಿಗೆ ಕೂತು ಹರಟೆ ಹೊಡೆಯೋರು ಬೇಕು, ಶನಿವಾರ ಮುಂದಕ್ಕೆ ಹೋಯ್ತು, ಮತ್ತೆ ಹೋಯ್ತು, ನನ್ನನ್ನ ಬೇರೆ ಏರಿಯಾಗೆ ಹಾಕಿದ್ರು, ಹೊಸದಾಗಿ ಬಂದ ಎಲ್ಡರ್‌ಗಳ ಜೊತೆ ಅವರಿಗೆ ಸರಿ ಬರ್ಲಿಲ್ಲ. ಆ ನೀರಿಗೆ ಅವರು ಇಳೀಲೇ ಇಲ್ಲ. ಇದನ್ನೇ ಹಿಡ್ಕೊಂಡು ಇಲ್ಲಿ ಕೆಳಗೆ ಕಾಮೆಂಟಲ್ಲಿ ಮತಾಂತರ ಅಂತ ಜಗಳ ತೆಗೆಯೋರಿಗೆ ನನ್ನ ಹತ್ರ ಉತ್ತರ ಇಲ್ಲ, ನಾನು ಈ ಹುಡುಗನಿಗೆ ಬರೀತಿದೀನಿ.

ಸರಿ, ನಿನ್ನ ಪ್ರಶ್ನೆ. ಪುಸ್ತಕ ಅಂದ್ರೆ, ಪ್ರೆಸ್ಟನ್ ಹತ್ರದ ಚೋರ್ಲಿ ಊರಲ್ಲಿರೋ ಮಿಷನರಿ ಟ್ರೈನಿಂಗ್ ಸೆಂಟರಲ್ಲಿ "ಪ್ರೀಚ್ ಮೈ ಗಾಸ್ಪೆಲ್" ಅನ್ನೋ ಮಿಷನರಿಗಳ ಕೈಪಿಡಿನ ಅರೆದು ಕುಡಿಸ್ತಾರೆ, ದಿನಾ ಬೆಳಗ್ಗೆ ಓದೋಕೆ ಟೈಮ್ ಕೊಟ್ಟೇ ಕೊಡ್ತಾರೆ, ಅದ್ರಲ್ಲಿ ನೀನು ಹಿಂದೆ ಬೀಳಲ್ಲ. ಈಗ ಕಲಿ ಅಂದ್ರೆ ನಾಲ್ಕು ಅಡುಗೆ ಕಲಿ, ಶರ್ಟ್ ಇಸ್ತ್ರಿ ಹಾಕೋದು ಕಲಿ, ಒಬ್ಬ ಅಪರಿಚಿತನ ಜೊತೆ ಒಂದೇ ರೂಮಲ್ಲಿ ಜಗಳ ಆಡಿ ಅವತ್ತೇ ರಾಜಿ ಆಗೋದು ಕಲಿ. ನೋವಾದ್ರೆ ಅವತ್ತೇ ಹೇಳೋದು ಕಲಿ, ನಮ್ಮ ಮನೆಗಳಲ್ಲಿ ಗಂಡು ಹುಡುಗರಿಗೆ ಅದು ಬರಲ್ಲ.

ಈಗ್ಲಾ ಡಿಗ್ರಿ ಆದ್ಮೇಲಾ ಅನ್ನೋದೇ ತಪ್ಪು ಪ್ರಶ್ನೆ ಅನ್ಸುತ್ತೆ ನನಗೆ. ಗಂಡು ಹುಡುಗರಿಗೆ 25ರ ತನಕ ಅವಕಾಶ ಇದೆ, ಬಸ್ಸೇನೂ ಹೊರಟು ಹೋಗಲ್ಲ. ಯಾರ ಖುಷಿಗೆ ಹೋಗ್ತಿದೀಯ ಅಂತ ನೋಡ್ಕೋ. ಅಪ್ಪ ಅಮ್ಮನಿಗೆ ಚರ್ಚಲ್ಲಿ ತಲೆ ಎತ್ಕೊಂಡು ಓಡಾಡೋ ಹಂಗಾಗ್ಲಿ ಅಂತಾದ್ರೆ ಈಗ್ಲೂ ಬೇಡ, ಆಮೇಲೂ ಬೇಡ, ಎರಡು ವರ್ಷ ಆ ಮಳೇಲಿ ಬೇರೆಯವರ ಖುಷಿ ಹೊತ್ಕೊಂಡು ನಡೆಯೋಕಾಗಲ್ಲ. ನಿನಗೇ ಬೇಕು ಅಂತಿದ್ರೆ ಈಗ್ಲೇ ಹೋಗು, ಡಿಗ್ರಿ ಆದ್ಮೇಲೆ ಕೆಲಸ, ಇಎಂಐ ಅಂತ ನೂರೆಂಟು ಬರುತ್ತೆ. ಮಿಷನ್ ಮುಗಿಸಿ ವಾಪಸ್ ಬಂದ್ಮೇಲೆ ಸೇರಿಸ್ಕೋತೀವಿ ಅಂತ ಕಾಲೇಜಿನವರು ಅನ್ನೋದನ್ನ ಬಾಯಿ ಮಾತಲ್ಲಿ ನಂಬಬೇಡ, ಸಹಿ ಸೀಲು ಇರೋ ಕಾಗದ ತಗೋ. ದುಡ್ಡಿಗೆ ಹೆದರ್ಬೇಡ. ಅಮೆರಿಕದವರ ಮನೆಯಿಂದ 2020ರ ಜುಲೈಯಿಂದ ತಿಂಗಳಿಗೆ 500 ಡಾಲರ್ ಕಟ್ಟಿಸ್ಕೋತಾರೆ, ನಮ್ಮಂಥವರ ಹತ್ರ ಆದಷ್ಟು, ಮಿಕ್ಕಿದ್ದು ಚರ್ಚಿನ ಫಂಡು.

ಶೂ ಎರಡು ಜೊತೆ, ಚರ್ಮದ್ದೇ, ಸೋಲ್ ಹೊಲಿದಿರ್ಬೇಕು, ಮೂತಿ ಅಗಲ ಇರ್ಬೇಕು. ಸಂಜೆ ಹೊತ್ತು ಹೋಗು, ಉಣ್ಣೆ ಕಾಲುಚೀಲ ಜೇಬಲ್ಲಿ ಇಟ್ಕೊಂಡು ಹೋಗಿ ಅದನ್ನ ಹಾಕ್ಕೊಂಡೇ ನೋಡು, ಅಂಗಡಿಯವನು ನಕ್ರೆ ನಗ್ಲಿ. ಹೊರಡೋಕೆ ಒಂದು ತಿಂಗಳು ಮುಂಚೆಯಿಂದ ದಿನಾ ಹಾಕ್ಕೊಂಡು ಓಡಾಡು. ಒಂದಿನ ಒಂದು ಜೊತೆ, ಮಾರನೇ ದಿನ ಇನ್ನೊಂದು, ಒದ್ದೆ ಆದ್ರೆ ಒಳಗೆ ನ್ಯೂಸ್ ಪೇಪರ್ ತುರುಕಿ ಇಡು, ಹೀಟರ್ ಹತ್ರ ಮಾತ್ರ ಬೇಡ. ಸೂಟು ಅಲ್ಲೇ ಸೆಕೆಂಡ್ ಹ್ಯಾಂಡ್ ಚಾರಿಟಿ ಅಂಗಡೀಲಿ ಸಿಗುತ್ತೆ, ನನ್ನದಕ್ಕಿಂತ ಒಳ್ಳೇದು, ಕಾಲು ಭಾಗ ದುಡ್ಡಿಗೆ.