ಬೆಂಕಿಯೊಳಗೆ ಕರೆಂಟ್ ಓಡುತ್ತದೆಯೇ?

ಪ್ರಶ್ನೆ: ಸರ್, ಕಾರವಾರದಲ್ಲಿ ಕಡಲಿಗೆ ಹತ್ತಿರವೇ ನಮ್ಮ ಮನೆ. ಬಚ್ಚಲಿನಲ್ಲಿರುವ ಗ್ಯಾಸ್ ಗೀಸರ್ ಟಿಕ್ ಟಿಕ್ ಎಂದು ಹೊತ್ತಿಕೊಂಡು ಮೂರೇ ಸೆಕೆಂಡಿಗೆ ಆರಿಹೋಗುತ್ತಿತ್ತು. ರಿಪೇರಿಯವರು ಬಂದು ಬರ್ನರ್ ಮೇಲಿನ ಒಂದು ಕಡ್ಡಿಯನ್ನು ಪಾಲಿಶ್ ಪೇಪರಿನಿಂದ ಉಜ್ಜಿದರು, ಅಷ್ಟಕ್ಕೇ ಸರಿಹೋಯಿತು. "ಬೆಂಕಿಯೊಳಗೆ ಕರೆಂಟ್ ಓಡಬೇಕು, ಅದು ನಿಂತಿತ್ತು" ಅಂದರು. ನಿಜವೇ? ಹಾಗಿದ್ದರೆ ಕರೆಂಟ್ ಕೊಟ್ಟು ಉರಿಯನ್ನು ಜೋರು ಮಾಡಬಹುದೇ?

ಉತ್ತರ: ಅವರು ಹೇಳಿದ್ದು ಪೂರ್ತಿ ನಿಜ. ಗ್ಯಾಸ್ ಉರಿಯುವಾಗ ಅಣುಗಳು ಒಡೆಯುತ್ತವೆ. ಒಂದು ಇಂಗಾಲ, ಒಂದು ಜಲಜನಕ ಸೇರಿದ ಚೂರು ಆಮ್ಲಜನಕದ ಪರಮಾಣುವಿಗೆ ತಾಗಿದರೆ ಒಮ್ಮೊಮ್ಮೆ ಎಲೆಕ್ಟ್ರಾನ್ ಒಂದು ಹೊರಗೆ ಚಿಮ್ಮುತ್ತದೆ. ಉಳಿದದ್ದು ಧನ ಅಯಾನು, ಅಂದರೆ ಧನ ವಿದ್ಯುದಂಶ ಹೊತ್ತ ಕಣ. ಇಂಥವು ತೀರಾ ಕಡಿಮೆ, ಆದರೂ ಉರಿ ವಿದ್ಯುತ್ ವಾಹಕವಾಗಲು ಅಷ್ಟು ಸಾಕು. ನಿಮ್ಮ ಕಡ್ಡಿಯಿಂದ ಉರಿಯ ಮೂಲಕ ಬರ್ನರಿಗೆ ಹರಿಯುವುದು ಕೆಲವೇ ಮೈಕ್ರೋ ಆಂಪಿಯರ್. ಅದು ಕಂಡರೆ 'ಬೆಂಕಿ ಇದೆ' ಎಂದು ಸರ್ಕೀಟ್ ಗ್ಯಾಸ್ ಬಿಡುತ್ತದೆ, ಕಾಣದಿದ್ದರೆ ವಾಲ್ವ್ ಮುಚ್ಚುತ್ತದೆ. ಕಡಲ ಉಪ್ಪುಗಾಳಿಗೆ ಕಡ್ಡಿಯ ಮೇಲೆ ಕಿಲುಬು ಕಟ್ಟಿದರೆ ಉರಿ ಎದುರಿಗಿದ್ದರೂ ಸರ್ಕೀಟಿಗೆ ಅದು ಕಾಣದು.

ಟಿಕ್ ಟಿಕ್ ಕಥೆಯೇ ಬೇರೆ. ಒಂದು ಮಿಲಿಮೀಟರ್ ಗಾಳಿ ಸೀಳಲು ಸುಮಾರು 3,000 ವೋಲ್ಟ್ ಬೇಕು. ಅಲ್ಲಿ ಅಲೆಯುವ ಒಂದೆರಡು ಎಲೆಕ್ಟ್ರಾನುಗಳನ್ನು ವಿದ್ಯುತ್ ಕ್ಷೇತ್ರ ರಭಸದಿಂದ ಎಳೆಯುತ್ತದೆ. ಒಂದು ಇನ್ನೊಂದನ್ನು ಕೆಡವುತ್ತ ಹೋಗಿ ಕಿಡಿಯಾಗುತ್ತದೆ. ಗಾಳಿ ಬೆರೆತ ಅಡುಗೆ ಅನಿಲ ಹೊತ್ತಲು ಕಾಲು ಮಿಲಿಜೂಲಿನಷ್ಟು ಶಕ್ತಿ ಸಾಕು. ಒಣಹವೆಯಲ್ಲಿ ನೈಲಾನ್ ಬಟ್ಟೆ ಕಳಚುವಾಗ ಚಟಪಟ ಎನ್ನುವ ಕಿಡಿಯಲ್ಲೂ ಅಷ್ಟಿರಬಹುದು. ನಮ್ಮ ಮಳೆಗಾಲದಲ್ಲಿ ಆ ಭಯ ಕಡಿಮೆ, ತೇವ ಆ ವಿದ್ಯುತ್ತನ್ನು ನಿಲ್ಲಗೊಡುವುದಿಲ್ಲ.

ಉರಿ ಜೋರು ಮಾಡುವ ಮಾತು. ಎರಡು ಲೋಹದ ತಗಡುಗಳ ನಡುವೆ ಮೇಣದಬತ್ತಿ ಇಟ್ಟು ಕೆಲವು ಸಾವಿರ ವೋಲ್ಟ್ ಕೊಟ್ಟರೆ ಉರಿ ಋಣ ತಗಡಿನತ್ತ ವಾಲುತ್ತದೆ. 1814ರಲ್ಲೇ ಬ್ರಾಂಡ್ ಎಂಬ ಇಂಗ್ಲಿಷ್ ವಿಜ್ಞಾನಿ ಇದರ ಬಗ್ಗೆ ಬರೆದಿದ್ದರು. ಎಲೆಕ್ಟ್ರಾನ್ ಹಗುರ, ಭಾರದ ಧನ ಅಯಾನುಗಳು ಋಣದ ಕಡೆಗೆ ಓಡುವಾಗ ಸುತ್ತಲಿನ ಬಿಸಿ ಅನಿಲವನ್ನೂ ತಳ್ಳಿಕೊಂಡು ಹೋಗುತ್ತವೆ, ಪುಟ್ಟ ಗಾಳಿಯೇ ಬೀಸಿದ ಹಾಗೆ. ಇದರಿಂದ ಉರಿಯ ಆಕಾರ ಬದಲಾಗುತ್ತದೆ, ಮಸಿ ಕಡಿಮೆ ಮಾಡಲೂ ಸಾಧ್ಯ. ಆದರೆ ಗ್ಯಾಸಿನಲ್ಲಿ ಇರುವಷ್ಟೇ ಶಾಖ ಬರುವುದು. ಪೈಪಿಗೆ ಆಯಸ್ಕಾಂತ ಕಟ್ಟಿ ಗ್ಯಾಸ್ ಉಳಿಸುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ. ಹೊತ್ತದ ಗ್ಯಾಸಿನಲ್ಲಿ ಅಯಾನುಗಳೇ ಇಲ್ಲ.

ಕೈಗಾದಿಂದ ಕಾಡಿನ ಮೇಲೆ ಹಾದುಹೋಗುವ 400 ಕಿಲೋವೋಲ್ಟ್ ತಂತಿಗಳ ಕೆಳಗೆ ತರಗೆಲೆ ಸುಡಬಾರದೆನ್ನುವುದಕ್ಕೂ ಇದೇ ನಂಟು. ಬಿಸಿಯಾಗಿ ತೆಳುವಾದ ಗಾಳಿ, ಉರಿ, ಮಸಿ ಸೇರಿದರೆ ತಂತಿಯಿಂದ ನೆಲಕ್ಕೇ ವಿದ್ಯುತ್ ಹಾರಬಹುದು.

ಕಡ್ಡಿಯನ್ನು ನೀವೇ ಉಜ್ಜುವುದಾದರೆ ಸಿಲಿಂಡರ್ ಬಂದ್ ಮಾಡಿ, ಬ್ಯಾಟರಿ ತೆಗೆದು ಉಜ್ಜಿ. ಬಗ್ಗಿಸಬೇಡಿ, ತುದಿ ಉರಿಯೊಳಗೇ ಇರಬೇಕು. ನೀವು ಕೇಳದ ಒಂದು ಮಾತು: ಗೀಸರನ್ನು ಬಚ್ಚಲಿನಿಂದ ಹೊರಗೆ ಹಾಕಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಮುಚ್ಚಿದ ಕೋಣೆಯಲ್ಲಿ ಅದು ಬಿಡುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ.