‘ಹೋಮ್, ಸ್ವೀಟ್ ಹೋಮ್’ ಜನಪದ ಧಾಟಿಯೇ?

ಪ್ರಶ್ನೆ: ಕೀಬೋರ್ಡ್ ಕಲಿಯುತ್ತಿರುವ ನನ್ನ ಮಗಳು ಶಾಲೆಯ ವಾರ್ಷಿಕೋತ್ಸವದಲ್ಲಿ ‘ಹೋಮ್, ಸ್ವೀಟ್ ಹೋಮ್’ ನುಡಿಸಲಿದ್ದಾಳೆ. ಅವಳ ಒಂದು ಪುಸ್ತಕದಲ್ಲಿ ಇದು ಇಟಲಿಯ ಸಿಸಿಲಿ ದ್ವೀಪದ ಜನಪದ ಧಾಟಿ ಎಂದಿದೆ, ಇನ್ನೊಂದರಲ್ಲಿ ಹೆನ್ರಿ ಬಿಷಪ್ ಅವರ ಹೆಸರಿದೆ. ಯಾವುದು ಸರಿ?

ಉತ್ತರ: ಬಿಷಪ್ ಅವರ ಹೆಸರೇ ಸರಿ. ಆದರೆ ‘ಸಿಸಿಲಿ’ ಎಂಬ ಮಾತನ್ನು ಮೊದಲು ಅಚ್ಚು ಹಾಕಿಸಿದವರೂ ಅವರೇ ಆದ್ದರಿಂದ ಈ ಗೊಂದಲ ಇಂದಿಗೂ ಉಳಿದಿದೆ.

ಹೆನ್ರಿ ಬಿಷಪ್ (1786–1855) ಲಂಡನ್ನಿನ ರಂಗಭೂಮಿಗೆ ಹಾಡು ಕಟ್ಟಿಕೊಡುತ್ತಿದ್ದ ಸಂಗೀತಗಾರರು. 1821ರಲ್ಲಿ ವಿವಿಧ ದೇಶಗಳ ಧಾಟಿಗಳ ಸಂಗ್ರಹವೊಂದನ್ನು ಅವರು ಸಿದ್ಧಪಡಿಸುತ್ತಿದ್ದಾಗ ಸಿಸಿಲಿಯ ಧಾಟಿಯೊಂದು ಬೇಕಾಯಿತು. ಒಪ್ಪುವಂಥದ್ದು ಸಿಗದೆ ಹೋದಾಗ ತಾವೇ ಒಂದನ್ನು ರಚಿಸಿ, ಅದನ್ನೇ ‘ಸಿಸಿಲಿಯ ಧಾಟಿ’ ಎಂಬ ಶಿರೋನಾಮೆಯಡಿ ಸೇರಿಸಿಬಿಟ್ಟರು. ಮುಂದೆ ಅದು ಜನಪದರ ಸೊತ್ತು, ಯಾರು ಬೇಕಾದರೂ ಅಚ್ಚು ಹಾಕಬಹುದು ಎಂದು ಬೇರೆ ಪ್ರಕಾಶಕರು ವಾದಿಸಿದಾಗ ಬಿಷಪ್ ಈ ಸತ್ಯವನ್ನು ಹೇಳಲೇಬೇಕಾಯಿತು. ಅವರ ಬಾಯಿಂದ ಕೇಳಿದ ಈ ಸಂಗತಿಯನ್ನು ಕವಿ ಚಾರ್ಲ್ಸ್ ಮೆಕೇ ಬರೆದಿಟ್ಟಿದ್ದಾರೆ.

ಆ ಸಂಗ್ರಹದಲ್ಲಿ ಧಾಟಿಗೆ ಥಾಮಸ್ ಹೇನ್ಸ್ ಬೇಲಿಯವರ ಬೇರೆಯೇ ಸಾಹಿತ್ಯವಿತ್ತು. 1823ರ ಮೇ 8ರಂದು ಕವೆಂಟ್ ಗಾರ್ಡನ್ ರಂಗಮಂದಿರದಲ್ಲಿ ‘ಕ್ಲಾರಿ’ ಎಂಬ ಗೀತನಾಟಕ ಮೊದಲ ಬಾರಿ ಪ್ರದರ್ಶನಗೊಂಡಾಗ, ಅಮೆರಿಕದ ಜಾನ್ ಹೊವಾರ್ಡ್ ಪೇನ್ ಬರೆದ ಹೊಸ ಸಾಹಿತ್ಯವನ್ನು ಹೊತ್ತು ಅದೇ ಧಾಟಿ ತುಸು ತಿದ್ದಿದ ರೂಪದಲ್ಲಿ ಮರಳಿ ಬಂತು. ಮದುವೆಯಾಗುವೆನೆಂದು ನಂಬಿಸಿದ ಡ್ಯೂಕನ ಜೊತೆ ಮನೆ ಬಿಟ್ಟು ಬಂದ ಹುಡುಗಿ, ಅವನ ಅರಮನೆಯ ವೈಭವದ ನಡುವೆ ಕುಳಿತು ತನ್ನ ಹಳ್ಳಿಮನೆಯನ್ನು ನೆನೆದು ಇದನ್ನು ಹಾಡುತ್ತಾಳೆ. ನಾಟಕದೊಳಗೆ ಇದು ಅವಳ ಊರಿನ ಹಾಡು. ಕೇಳುಗರಿಗೆ ಇದು ಹಳ್ಳಿಗರ ಬಾಯಲ್ಲೇ ಹುಟ್ಟಿದ್ದೆಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ. 1830ರಲ್ಲಿ ಇಟಲಿಯ ಡೊನಿಜೆಟ್ಟಿ ತಮ್ಮ ‘ಅನ್ನಾ ಬೊಲೆನಾ’ ಒಪೆರಾದ ಸೆರೆಮನೆ ದೃಶ್ಯಕ್ಕೂ ಇದೇ ಧಾಟಿಯನ್ನು ಬಳಸಿಕೊಂಡರು.

ಧಾಟಿಯ ಸರಳತೆಯೂ ಆ ನಂಬಿಕೆಗೆ ಕಾರಣ. ನಮ್ಮ ಶಂಕರಾಭರಣ ರಾಗಕ್ಕೆ ಹೊಂದುವ ಸ್ವರಗಳಲ್ಲಿ, ಷಡ್ಜದಿಂದ ಹೊರಟು ಒಂದೊಂದೇ ಮೆಟ್ಟಿಲು ಹತ್ತುತ್ತ ಪಂಚಮವನ್ನು ಮುಟ್ಟಿ, ಗಾಂಧಾರಕ್ಕೆ ಇಳಿದು ಉಸಿರು ತೆಗೆದುಕೊಳ್ಳುತ್ತದೆ. ಎಳೆಯ ಕಂಠಕ್ಕೂ ಪಳಗದ ಬೆರಳಿಗೂ ಎಲ್ಲಿಯೂ ಕಷ್ಟ ಕೊಡುವುದಿಲ್ಲ. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ಹಂಬಲ ತುಂಬುವುದು ಪಳಗಿದ ಕೈಯ ಕೆಲಸವೆಂದೇ ನನ್ನ ಅಭಿಪ್ರಾಯ. ಅದನ್ನು ಹೆಸರಿಲ್ಲದ ಜನಪದಕ್ಕೆ ಬರೆದುಬಿಟ್ಟರೆ ಬಿಷಪ್ ಅವರಿಗೆ ಅನ್ಯಾಯವಾಗುತ್ತದೆ. ಆಗಲೇ ಬದುಕು ಅವರ ಮೇಲೆ ಸಾಕಷ್ಟು ಕಠಿಣವಾಗಿತ್ತು: 1839ರಲ್ಲಿ ಪತ್ನಿ, ಗಾಯಕಿ ಆನ್ನಾ, ಅವರನ್ನೂ ಮಕ್ಕಳನ್ನೂ ಬಿಟ್ಟು ಹೋದರು, 1842ರಲ್ಲಿ ವಿಕ್ಟೋರಿಯಾ ರಾಣಿಯಿಂದ ‘ಸರ್’ ಪದವಿ ಬಂದರೂ ಕೊನೆಯ ದಿನಗಳು ಬಡತನದಲ್ಲೇ ಕಳೆದವು.

ಆದ್ದರಿಂದ ಕಾರ್ಯಕ್ರಮ ಪತ್ರಿಕೆಯಲ್ಲಿ ‘ಸಂಗೀತ: ಹೆನ್ರಿ ಬಿಷಪ್, ಸಾಹಿತ್ಯ: ಜಾನ್ ಹೊವಾರ್ಡ್ ಪೇನ್, 1823’ ಎಂದು ಬರೆಸಿ. ಮಗಳು ಇದನ್ನು ಆತುರವಿಲ್ಲದ ವಿಳಂಬ ಗತಿಯಲ್ಲಿ ನುಡಿಸಲಿ. ಪಲ್ಲವಿಯಲ್ಲಿ ‘ಹೋಮ್’ ಎಂಬ ಪದ ಬಂದಾಗ ಆ ಸ್ವರವನ್ನು ಅದರ ಪೂರ್ಣ ಅವಧಿಯವರೆಗೆ ಒತ್ತಿ ಹಿಡಿಯಲು ಹೇಳಿ.